ಕನ್ನಡ ವೆಬ್‌ಸೈಟಿಗೆ ಲೇಖನ ಬರೆಸಬೇಕು: ಯಾರ ಹತ್ತಿರ ಬರೆಸಲಿ, ಎಷ್ಟು ಕೊಡಲಿ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು. ಅಡಿಕೆ, ಕಾಳುಮೆಣಸು, ಜೊತೆಗೆ ಪಹಣಿ, ಪೋಡಿ, ಬೆಳೆ ವಿಮೆ ತರಹದ ಕಾಗದಪತ್ರದ ವಿಷಯಗಳನ್ನು ಕನ್ನಡದಲ್ಲಿ ಕೊಡುವ ಒಂದು ಸಣ್ಣ ವೆಬ್‌ಸೈಟ್ ನಡೆಸುತ್ತಿದ್ದೇನೆ. ಮೊದಲೆಲ್ಲ ನಾನೇ ಬರೆಯುತ್ತಿದ್ದೆ. ತೋಟದ ಕೆಲಸ ಜಾಸ್ತಿ ಆದ ಮೇಲೆ ಆಗಲಿಲ್ಲ, ಹಾಗಾಗಿ ಹೋದ ವರ್ಷದಿಂದ ಹೊರಗಿನವರ ಹತ್ತಿರ ಬರೆಸುತ್ತಿದ್ದೇನೆ. ಪದಕ್ಕೆ 40 ಪೈಸೆ. ಗೂಗಲ್‌ನಲ್ಲಿ ಮೇಲೆ ಬರಬೇಕು ಅಂತ ಕೀವರ್ಡ್, ಅಂದರೆ ಜನ ಹುಡುಕುವ ಪದಗಳ, ಪಟ್ಟಿ ಕೊಡುತ್ತೇನೆ, 1000 ಪದ ಇರಲೇಬೇಕು ಅಂತ ಹೇಳುತ್ತೇನೆ, ಅವರು ಎರಡು ದಿನದಲ್ಲಿ ಕಳಿಸುತ್ತಾರೆ.

ಈಗ ಏನಾಯಿತು ಅಂದರೆ, ಅಡಿಕೆ ಕೊಳೆ ರೋಗದ ಬಗ್ಗೆ ಒಂದು ಲೇಖನ ಬಂತು. ನೋಡಲು ಚೆನ್ನಾಗಿತ್ತು, ಉಪಶೀರ್ಷಿಕೆ ಎಲ್ಲ ಇತ್ತು, ನಾನೂ ಅವಸರದಲ್ಲಿ ಹಾಕಿಬಿಟ್ಟೆ. ಸಂಜೆ ಅಪ್ಪ ಫೋನಲ್ಲಿ ಓದುತ್ತಾ ಕೂತವರು ನನ್ನನ್ನು ಕರೆದರು. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 10 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್) ಅಂತ ಬರೆದಿತ್ತು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಇದು ನಮ್ಮೂರಲ್ಲಿ ಹೈಸ್ಕೂಲ್ ಹುಡುಗನಿಗೂ ಗೊತ್ತು. ಯಾರಾದರೂ ಹೊಸದಾಗಿ ತೋಟ ಮಾಡಿದವರು ನಂಬಿ ಹೊಡೆಸಿದ್ದರೆ ಗೊನೆ, ಸೋಗೆ ಎಲ್ಲ ಸುಟ್ಟು ಹೋಗುತ್ತಿತ್ತು. ತಕ್ಷಣ ತೆಗೆದೆ. ಆವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಬರೆದವರನ್ನು ಕೇಳಿದರೆ, ‘ನೆಟ್‌ನಲ್ಲಿ ಹಾಗೇ ಇತ್ತು ಸರ್’ ಅಂದರು. ಅವರನ್ನು ಬೈಯುವುದಕ್ಕೆ ಮನಸ್ಸು ಬರಲಿಲ್ಲ. ಪದಕ್ಕೆ 40 ಪೈಸೆ ಕೊಟ್ಟು, ಎರಡು ದಿನದಲ್ಲಿ ಬೇಕು ಅಂದವನು ನಾನೇ ಅಲ್ವಾ.

ಬರೆಯುವವರು, ಬರೆಸುವವರು ಇಲ್ಲಿ ಇಬ್ಬರೂ ಇದ್ದೀರಿ. ಎಷ್ಟು ಕೊಡಬೇಕು, ಯಾರನ್ನು ಹುಡುಕಬೇಕು, ಹೇಗೆ ಪರೀಕ್ಷೆ ಮಾಡಬೇಕು, ದಯವಿಟ್ಟು ಬಿಡಿಸಿ ಹೇಳಿ.

ಧಾರವಾಡದಕ್ಕ

ತೋಟದಮನೆಯವರೇ, ತಪ್ಪನ್ನು ನಿಮ್ಮ ಮೇಲೆ ಹಾಕಿಕೊಂಡು ಕೇಳಿದ್ದೀರಿ, ಅದಕ್ಕೇ ಉದ್ದ ಬರೆಯುತ್ತೇನೆ. ನಾನು ಏಳು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಮನೆಯಿಂದಲೇ.

ಮೊದಲು ಪದದ ಲೆಕ್ಕ ಬಿಡಿ. ಪದಕ್ಕೆ ಇಷ್ಟು ಅನ್ನುವ ರೂಢಿ ಇಂಗ್ಲಿಷಿನಿಂದ ಬಂದಿದ್ದು, ಕನ್ನಡಕ್ಕೆ ಅದು ಹೊಂದುವುದೇ ಇಲ್ಲ. ‘ನಮ್ಮೂರಿನವರಿಗೂ’ ಅಂತ ಬರೆದರೆ ನಮಗೆ ಒಂದು ಪದ. ಅದನ್ನೇ ಇಂಗ್ಲಿಷಿನಲ್ಲಿ ‘ಫಾರ್ ದ ಪೀಪಲ್ ಆಫ್ ಅವರ್ ವಿಲೇಜ್ ಟೂ’ ಅಂತ ಬರೆದರೆ ಏಳು. ನಮ್ಮಲ್ಲಿ ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಂಡು ಬರುತ್ತದೆ. ಅದೇ ವಿಷಯ, ಅದೇ ಶ್ರಮ, ಪದ ಮಾತ್ರ ಕಮ್ಮಿ. ಇಂಗ್ಲಿಷಿನಲ್ಲಿ 1000 ಪದ ಹಿಡಿಯುವ ವಿಷಯ ಕನ್ನಡದಲ್ಲಿ ನನಗೆ 650-700ಕ್ಕೆ ಮುಗಿಯುತ್ತದೆ. ಆದರೆ ನೀವು 1000 ಅಂದಿದ್ದೀರಿ. ಉಳಿದ ಮುನ್ನೂರು ಪದ ಎಲ್ಲಿಂದ ತರಲಿ? ಆಗ ಶುರುವಾಗುತ್ತದೆ ನೋಡಿ ‘ಎಂಬುದಾಗಿ ಹೇಳಬಹುದಾಗಿದೆ’, ‘ಇಂದಿನ ಆಧುನಿಕ ಯುಗದಲ್ಲಿ’, ‘ಈ ಲೇಖನದಲ್ಲಿ ನಾವು ತಿಳಿದುಕೊಳ್ಳೋಣ ಬನ್ನಿ’. ಕೆಲವರು ಇನ್ನೂ ಮುಂದೆ ಹೋಗಿ ಕೂಡಿಸಿ ಬರೆಯಬೇಕಾದ ಪದ ಬಿಡಿಸಿ ಬರೆಯುತ್ತಾರೆ. ‘ಮಾಡಬೇಕಾಗುತ್ತದೆ’ ಅನ್ನುವುದು ‘ಮಾಡ ಬೇಕು ಆಗುತ್ತದೆ’ ಆಗುತ್ತದೆ, ಒಂದು ಪದ ಮೂರಾಗುತ್ತದೆ. ಓದುವವರಿಗೆ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಆದರೆ ಹಾಗೆ ಬರೆದವರಿಗೇ ದುಡ್ಡು ಜಾಸ್ತಿ!

1000 ಪದ ಬೇಕೇ ಬೇಕು ಅನ್ನುವುದೂ ಸುಳ್ಳು ನಂಬಿಕೆ. ತನಗೆ ಇಷ್ಟೇ ಪದ ಇರಬೇಕು ಅಂತ ಏನೂ ಇಲ್ಲ ಎಂದು ಗೂಗಲ್ ತನ್ನ ಸೂಚನೆಗಳಲ್ಲೇ ಹೇಳಿದೆ.

ಲೇಖನಕ್ಕೆ ಇಷ್ಟು ಅಂತ ಮಾತಾಡಿಕೊಳ್ಳಿ. ನಾನು ಕಾಗದಪತ್ರದ ವಿಷಯಕ್ಕೆ, ಅಂದರೆ ನಾನೇ ಒಂದು ದಿನ ಕೂತು ಅರ್ಜಿ ತುಂಬಿಸಿ ನೋಡಿ ಬರೆಯುವಂಥದ್ದಕ್ಕೆ, 1,500 ತಗೊಳ್ಳುತ್ತೇನೆ. ಹಬ್ಬದ ಅಡುಗೆ ತರಹದ್ದಕ್ಕೆ 800. 300 ರೂಪಾಯಿಗೂ ಬರೆದಿದ್ದೇನೆ, ಮಗಳು ಸಣ್ಣವಳಿದ್ದಾಗ. ಆಗ ದಿನಕ್ಕೆ ನಾಲ್ಕು ಬರೆಯಬೇಕಿತ್ತು. ನಾಲ್ಕರಲ್ಲಿ ಒಂದನ್ನೂ ತಿರುಗಿ ಓದುತ್ತಿರಲಿಲ್ಲ.

ಹಳೇಏಜೆನ್ಸಿ

ಅಕ್ಕ ಹೇಳಿದ್ದು ಸರಿ ಇದೆ, ಆದರೆ ಎಲ್ಲರೂ ಲೇಖನಕ್ಕೆ 1,500 ಕೊಡಲು ಆಗುವುದಿಲ್ಲ. ಸಣ್ಣ ಸೈಟಿಗೆ ತಿಂಗಳಿಗೆ ಜಾಹೀರಾತಿನಿಂದ ಬರುವುದೇ ಐದಾರು ಸಾವಿರ ಇರಬಹುದು. ಆ ಲೆಕ್ಕ ಬಿಟ್ಟು ಮಾತಾಡಬಾರದು.

ಆದರೂ ನನ್ನ ಅನುಭವ ಹೇಳುತ್ತೇನೆ. ಬೆಂಗಳೂರಿನಲ್ಲಿ ನಾವು ಮೂರು ಜನ ಸೇರಿ ಲೇಖನ ಬರೆಸಿಕೊಡುವ ಏಜೆನ್ಸಿ ನಡೆಸುತ್ತಿದ್ದೆವು. ತಿಂಗಳಿಗೆ ಇನ್ನೂರು ಲೇಖನ. ಸಂಖ್ಯೆ ಜಾಸ್ತಿ ಆದಷ್ಟೂ ಜನ ಬರುತ್ತಾರೆ ಅನ್ನುವುದು ನಮ್ಮ ಲೆಕ್ಕ. ಕೆಲವು ವರ್ಷ ಅದು ನಡೆಯಿತು ಕೂಡ. 2011ರಲ್ಲೇ ಗೂಗಲ್ ಪಾಂಡಾ ಅನ್ನುವ ಬದಲಾವಣೆ ತಂದು ಅಮೆರಿಕದ ದೊಡ್ಡ ದೊಡ್ಡ ಲೇಖನ ಕಾರ್ಖಾನೆಗಳನ್ನು ಕೆಳಗೆ ತಳ್ಳಿತ್ತು, ಅದು ನಮಗೆ ಗೊತ್ತಿತ್ತು, ಕನ್ನಡಕ್ಕೆ ಅದೆಲ್ಲ ಬರುವುದಿಲ್ಲ ಅಂದುಕೊಂಡಿದ್ದೆವು. 2022ರ ಆಗಸ್ಟ್‌ನಲ್ಲಿ ಜನರಿಗೆ ಉಪಯೋಗ ಆಗುವ ಬರಹಕ್ಕೆ ಆದ್ಯತೆ ಅನ್ನುವ ಬದಲಾವಣೆ ಬಂತು. 2024ರ ಮಾರ್ಚ್‌ನಲ್ಲಿ ಅದನ್ನು ತನ್ನ ಮುಖ್ಯ ವ್ಯವಸ್ಥೆಯೊಳಗೇ ಸೇರಿಸಿತು. ಅದರ ಜೊತೆಗೇ, ಹುಡುಕಾಟದಲ್ಲಿ ಮೇಲೆ ಬರುವುದಕ್ಕೆ ಅಂತಲೇ ರಾಶಿ ರಾಶಿ ಲೇಖನ ಹಾಕುವುದು, ಅದನ್ನು ಯಂತ್ರ ಬರೆದಿರಲಿ ಮನುಷ್ಯ ಬರೆದಿರಲಿ, ನಿಯಮಕ್ಕೆ ವಿರುದ್ಧ ಅಂತ ಹೇಳಿತು.

ಆ ವರ್ಷ ಏಪ್ರಿಲ್‌ನಲ್ಲಿ ನಾವು ನಡೆಸುತ್ತಿದ್ದ ಒಂದು ಸೈಟಿನ ಸರ್ಚ್ ಕನ್ಸೋಲ್ (ಹುಡುಕಾಟದಿಂದ ಎಷ್ಟು ಜನ ಬಂದರು ಅಂತ ಗೂಗಲ್ ತೋರಿಸುವ ಪುಟ) ತೆಗೆದು ನೋಡಿದರೆ ಗೆರೆ ಬೆಟ್ಟದಿಂದ ಇಳಿದ ಹಾಗೆ ಇಳಿದಿತ್ತು. 1,100 ಲೇಖನ ಇತ್ತು. ಕೂತು ಒಂದೊಂದೇ ನೋಡಿದೆವು. ಜನ ಓದುತ್ತಿದ್ದದ್ದು ಎಪ್ಪತ್ತು ಎಂಬತ್ತು ಮಾತ್ರ. ಆ ಎಂಬತ್ತೂ ನಮ್ಮಲ್ಲಿದ್ದ ಇಬ್ಬರೇ ಬರೆದವು. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಇನ್ನೊಬ್ಬರು ನರ್ಸ್.

ನನಗೆ ಇದು ಅರ್ಥ ಆಗಲು ಒಂದು ಸಾವಿರ ಲೇಖನದ ದುಡ್ಡು ಹೋಯಿತು. ತೋಟದಮನೆಯವರೇ, ತಿಂಗಳಿಗೆ ಹತ್ತರ ಬದಲು ಮೂರು ಬರೆಸಿ. ಖರ್ಚು ಅಷ್ಟೇ ಬರುತ್ತದೆ.

ತೋಟದಮನೆ

ಧಾರವಾಡದಕ್ಕ, ಪದದ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ನಿಜ ಹೇಳಬೇಕೆಂದರೆ ಇಂಗ್ಲಿಷ್ ವಿಡಿಯೋ ನೋಡಿ ಕಲಿತದ್ದನ್ನು ಹಾಗೇ ತಂದು ಹಾಕಿದ್ದೆ. ಏಜೆನ್ಸಿ ಸರ್, ಮೂರು ಲೇಖನದ ಲೆಕ್ಕವೂ ಸರಿ ಕಾಣುತ್ತದೆ.

ಇನ್ನೊಂದು ಕೇಳುತ್ತೇನೆ. ಕೀವರ್ಡ್ ಹೇಗೆ ಕೊಡಬೇಕು? ನಾನು ಇಲ್ಲಿಯವರೆಗೆ ಇಂಗ್ಲಿಷ್ ಕೀವರ್ಡ್ ತೆಗೆದು ಅನುವಾದ ಮಾಡಿ ಕೊಡುತ್ತಿದ್ದೆ. ಲೇಖನದಲ್ಲಿ ಹನ್ನೆರಡು ಸಲ ಬರಬೇಕು ಅಂತಲೂ ಹೇಳುತ್ತಿದ್ದೆ.

ಧಾರವಾಡದಕ್ಕ

ಅಯ್ಯೋ, ಅದನ್ನು ಇವತ್ತೇ ಬಿಡಿ.

ಹೋದ ವರ್ಷ ಒಬ್ಬರು ನನಗೆ ಕೀವರ್ಡ್ ಕೊಟ್ಟಿದ್ದರು, ‘ಉತ್ತರಾಧಿಕಾರ ಭೂ ಹಕ್ಕು ವರ್ಗಾವಣೆ’ ಅಂತ. ಯಾರು ಹುಡುಕುತ್ತಾರೆ ಇದನ್ನು? ಅಪ್ಪ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗೆ ಮಾಡಿಸಲು ನಾಡಕಚೇರಿಗೆ ಹೋದವರು ‘ಪೌತಿ ಖಾತೆ’ ಅನ್ನುತ್ತಾರೆ. ಟೈಪ್ ಮಾಡುವುದೂ ಅದನ್ನೇ. ನೀವು ಪಹಣಿ ಅಂತೀರಿ. ನಮ್ಮ ಕಡೆ ಹಳ್ಳಿಯಲ್ಲಿ ಉತಾರ ಅಂತಾರೆ. ಪೇಟೆ ಹುಡುಗರು ಆರ್‌ಟಿಸಿ ಅಂತಾರೆ. ಮೂರೂ ಒಂದೇ ಕಾಗದ. ಲೇಖನದಲ್ಲಿ ಮೂರು ಪದವೂ ಸಹಜವಾಗಿ ಒಂದೆರಡು ಕಡೆ ಬರಬೇಕು. ಬೀದರಿನವರು ಓದಿದರೂ ‘ಇದು ನನ್ನ ಕಾಗದದ ಬಗ್ಗೆಯೇ’ ಅಂತ ತಿಳಿಯಬೇಕು. ಅದೇ ಕೀವರ್ಡ್. ಹನ್ನೆರಡು ಸಲ ತುರುಕುವುದಲ್ಲ.

ಎಲ್ಲಿ ಸಿಗುತ್ತದೆ ಅಂದರೆ, ನಿಮ್ಮ ಸರ್ಚ್ ಕನ್ಸೋಲ್‌ನಲ್ಲೇ ಇದೆ. ಜನ ಏನು ಹುಡುಕಿ ನಿಮ್ಮ ಸೈಟಿಗೆ ಬಂದರು ಅನ್ನುವ ಪಟ್ಟಿ ತೆಗೆಯಿರಿ. ಕಾಗುಣಿತ ತಪ್ಪಿರುತ್ತದೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿರುತ್ತಾರೆ, ಅರ್ಧಂಬರ್ಧ ಇರುತ್ತದೆ. ಅದನ್ನು ನೋಡುತ್ತಾ ಹೋದರೆ ಎದುರಿಗೆ ಕೂತು ಕೇಳುತ್ತಿದ್ದಾರೇನೋ ಅನ್ನಿಸುತ್ತದೆ. ಬರೆಯುವವರಿಗೆ ಆ ಪಟ್ಟಿಯನ್ನೇ ಕೊಡಿ. ನನಗೆ ಅಂಥ ಪಟ್ಟಿ ಕೊಟ್ಟವರು ಏಳು ವರ್ಷದಲ್ಲಿ ಇಬ್ಬರೇ. ಆ ಇಬ್ಬರಿಗೆ ಬರೆದದ್ದೇ ನನ್ನ ಒಳ್ಳೆಯ ಲೇಖನಗಳು.

ಕರಡುಕಣ್ಣು

ಪರೀಕ್ಷೆ ಹೇಗೆ ಮಾಡಬೇಕು ಅಂತ ಕೇಳಿದ್ದೀರಿ. ಹತ್ತು ವರ್ಷ ಕರಡು ತಿದ್ದಿದ ಅನುಭವದಿಂದ ಹೇಳುತ್ತೇನೆ.

ಪರೀಕ್ಷೆಗೆ ದುಡ್ಡು ಕೊಡಿ. ಇದನ್ನು ಮೊದಲು ಹೇಳಲೇಬೇಕು. ‘ಸ್ಯಾಂಪಲ್ ಒಂದು ಬರೆದುಕೊಡಿ, ನೋಡೋಣ’ ಅಂತ ಇಪ್ಪತ್ತು ಜನರ ಹತ್ತಿರ ಇಪ್ಪತ್ತು ಬೇರೆ ಬೇರೆ ವಿಷಯ ಬರೆಸಿಕೊಂಡು, ಯಾರಿಗೂ ಕೆಲಸ ಕೊಡದೆ, ಇಪ್ಪತ್ತನ್ನೂ ಪ್ರಕಟಿಸಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರಲ್ಲಿ ಒಂದು ನನ್ನ ತಂಗಿ ಬರೆದದ್ದು. ಅವಳು ಆಮೇಲೆ ಬರೆಯುವುದನ್ನೇ ಬಿಟ್ಟಳು.

ಪರೀಕ್ಷೆಗೆ ಇಡೀ ಲೇಖನ ಬೇಡ. ಎರಡು ಪ್ಯಾರಾ ಸಾಕು. ಅವರಿಗೆ ಗೊತ್ತಿರುವ ವಿಷಯವನ್ನೇ ಕೇಳಿ: ‘ನಿಮ್ಮೂರಿನಲ್ಲಿ ಈ ವರ್ಷ ಏನು ಬೆಳೆ, ಏನು ತೊಂದರೆ ಆಯಿತು?’ ಯಂತ್ರಕ್ಕೆ ಅದು ಬರುವುದಿಲ್ಲ. ಬಂದದ್ದನ್ನು ಜೋರಾಗಿ ಓದಿ. ಪ್ರತಿ ವಾಕ್ಯವೂ ‘ಆಗಿದೆ’ ಅಂತ ಮುಗಿಯುತ್ತಿದ್ದರೆ ಅನುಮಾನ ಪಡಿ. ‘ಅಡಿಕೆ ಒಂದು ಪ್ರಮುಖ ಬೆಳೆಯಾಗಿದೆ. ಇದು ಮಲೆನಾಡಿನಲ್ಲಿ ಬೆಳೆಯಲ್ಪಡುತ್ತದೆ. ಇದರ ಪ್ರಾಮುಖ್ಯತೆ ಅಪಾರವಾಗಿದೆ.’ ‘ಬೆಳೆಯಲ್ಪಡುತ್ತದೆ’ ಅಂತ ಯಾವ ರೈತ ಹೇಳುತ್ತಾನೆ? ‘ಬೆಳೆಯುತ್ತಾರೆ’ ಅಂದರೆ ಮುಗಿಯಿತು. ಹೀಗೆ ಬರೆದವರೆಲ್ಲ ಯಂತ್ರದಿಂದ ತೆಗೆದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಇಂಗ್ಲಿಷ್ ಲೇಖನ ಪಕ್ಕದಲ್ಲಿಟ್ಟುಕೊಂಡು ಬರೆದರೂ ಹೀಗೇ ಆಗುತ್ತದೆ.

ಎಐ ಉಪಯೋಗಿಸಿದ್ದೀರಾ ಅಂತ ನೇರವಾಗಿ ಕೇಳಿ, ತಪ್ಪೇನಿಲ್ಲ. ಗೂಗಲ್ ಕೂಡ 2023ರಲ್ಲೇ ಹೇಳಿದೆ, ಹೇಗೆ ಬರೆದಿರಿ ಅನ್ನುವುದಕ್ಕಿಂತ ಬರಹ ಹೇಗಿದೆ ಅನ್ನುವುದು ಮುಖ್ಯ ಅಂತ. ನನ್ನ ಚಿಂತೆ ಗೂಗಲ್ ಅಲ್ಲ. ನಿಮ್ಮ 10 ಕೆಜಿ ಮೈಲುತುತ್ತ. ತಪ್ಪು ಅಳತೆಯನ್ನು ಅಷ್ಟು ಧೈರ್ಯವಾಗಿ, ಅಷ್ಟು ಅಂದವಾಗಿ ಬರೆಯಲು ವಿಷಯ ಗೊತ್ತಿಲ್ಲದವರಿಗೆ ಮಾತ್ರ ಆಗುತ್ತದೆ. ಗೊತ್ತಿರುವವರ ಕೈ ಅಲ್ಲಿ ನಿಲ್ಲುತ್ತದೆ.

ಹೊಸಬರಹ

ನಾನು ಬಿಎ ಕೊನೆ ವರ್ಷ, ಮೈಸೂರು. ಲೇಖನ ಬರೆದು ಸ್ವಲ್ಪ ದುಡಿಯೋಣ ಅಂತ ಹೋಗಿ ಟೆಲಿಗ್ರಾಂ ಗುಂಪೊಂದರಲ್ಲಿ 1,200 ರೂಪಾಯಿ ನೋಂದಣಿ ಶುಲ್ಕ ಕಟ್ಟಿದೆ. ಹತ್ತು ಲೇಖನ ಬರೆಸಿಕೊಂಡರು, ‘ಕ್ವಾಲಿಟಿ ಇಲ್ಲ’ ಅಂತ ಒಂದಕ್ಕೂ ದುಡ್ಡು ಕೊಡಲಿಲ್ಲ, ಈಗ ಗುಂಪೇ ಇಲ್ಲ. ಮನೆಯಲ್ಲಿ ಹೇಳಿಲ್ಲ. ನನ್ನ ತರಹದವರನ್ನು ನಂಬಿ ಕೆಲಸ ಕೊಡುವವರು ಇದ್ದಾರಾ?

ಲೆಕ್ಕದಪುಸ್ತಕ

ತಮ್ಮಾ, ಕೆಲಸ ಕೊಡುವವರು ನಿನ್ನಿಂದ ದುಡ್ಡು ಕೇಳುವುದಿಲ್ಲ. ಕೇಳಿದರೆ ಅದು ಕೆಲಸ ಅಲ್ಲ. ಕಟ್ಟಿದ ರಸೀದಿ, ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು 1930ಕ್ಕೆ ಫೋನ್ ಮಾಡು, ಸೈಬರ್ ವಂಚನೆಯ ಸಹಾಯವಾಣಿ ಅದು. ತಡ ಮಾಡಬೇಡ. ಮನೆಯಲ್ಲೂ ಹೇಳು, ನಿನ್ನ ತಪ್ಪು ಏನೂ ಇಲ್ಲ.

ಇನ್ನು ತೋಟದಮನೆಯವರಿಗೆ. ಯಾರೂ ಹೇಳದ ಎರಡು ಮೂರು ವಿಷಯ ಇದೆ, ನಾನು ಲೆಕ್ಕಪತ್ರ ನೋಡುವವನು.

ಒಂದು ಪುಟದ ಕರಾರು ಮಾಡಿಕೊಳ್ಳಿ. ಲೇಖನಕ್ಕೆ ದುಡ್ಡು ಕೊಟ್ಟ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಸಂಬಳದ ನೌಕರ ಅಲ್ಲದ ಬರಹಗಾರನೇ ಸಾಮಾನ್ಯವಾಗಿ ಮೊದಲ ಹಕ್ಕುದಾರ. ಹಕ್ಕು ನಿಮಗೆ ಬರಬೇಕು ಅಂದರೆ ಬರವಣಿಗೆಯಲ್ಲಿ, ಸಹಿ ಸಮೇತ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಹಿಡಿಯುತ್ತಾರೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ವೆಬ್‌ಸೈಟ್ ಅಂದ ಮೇಲೆ ದುಬೈನಲ್ಲಿರುವವರೂ ಓದುತ್ತಾರಲ್ವಾ, ಹಾಗಾಗಿ ಎರಡನ್ನೂ ಬರೆಯಿರಿ. ಬರೆದವರ ಹೆಸರು ಲೇಖನದ ಕೆಳಗೆ ಹಾಕುತ್ತೀರೋ ಇಲ್ಲವೋ, ಅದೂ ಇರಲಿ. ನನ್ನ ಮಾತು ಕೇಳಿದರೆ ಹಾಕಿ.

ದುಡ್ಡು ಯಾವಾಗ ಅನ್ನುವುದೂ ಅದರಲ್ಲೇ ಇರಬೇಕು. ಬರೆಯುವ ಅಕ್ಕಂದಿರು, ತಮ್ಮಂದಿರು ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬಹುದು, ಆನ್‌ಲೈನ್‌ನಲ್ಲಿ ಶುಲ್ಕ ಇಲ್ಲ. ನೋಂದಣಿ ಇದ್ದವರಿಗೆ ಕರಾರಿನಲ್ಲಿ ದಿನ ಬರೆದಿಲ್ಲದಿದ್ದರೆ 15 ದಿನದೊಳಗೆ ಕೊಡಬೇಕು, ಬರೆದಿದ್ದರೂ 45 ದಿನ ದಾಟುವ ಹಾಗಿಲ್ಲ.

ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆಯ ಬಗ್ಗೆ ಹೆದರಬೇಡಿ. ನೀವು ಕಂಪನಿ ಅಲ್ಲ, ಒಬ್ಬರೇ ನಡೆಸುವವರು, ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟಿಲ್ಲ ಅಂದರೆ ಹಿಡಿಯುವ ಹೊಣೆ ನಿಮಗಿಲ್ಲ. ಕಂಪನಿಗಳು ಶೇ. 10 ಹಿಡಿಯುತ್ತವೆ, ವರ್ಷಕ್ಕೆ ಒಬ್ಬರಿಗೆ ಕೊಡುವ ಶುಲ್ಕ ಮಿತಿ ದಾಟಿದರೆ ಮಾತ್ರ. ಆ ಮಿತಿ 30 ಸಾವಿರ ಇದ್ದದ್ದು 2025ರ ಏಪ್ರಿಲ್‌ನಿಂದ 50 ಸಾವಿರ ಆಗಿದೆ. ಬರಹಗಾರರು ಕಟ್ಟಬೇಕಾದ ತೆರಿಗೆಗಿಂತ ಜಾಸ್ತಿ ಹಿಡಿದಿದ್ದರೆ, ಆ ಜಾಸ್ತಿಯನ್ನು ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಎಷ್ಟೋ ಬರಹಗಾರರು ಅದು ಹೋದದ್ದೇ ಅಂದುಕೊಂಡು ಸುಮ್ನೆ ಇರುತ್ತಾರೆ.

ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ, ತೀರ್ಥಹಳ್ಳಿ ಕಡೆ. ವಿಷಯ ಗೊತ್ತಿರುವ ಹಿರಿಯರು ಬರೆಯಲಿ ಅನ್ನುತ್ತೀರಿ, ಸಂತೋಷ. ಆದರೆ ನಮ್ಮ ತೊಂದರೆ ಒಂದು ಕೇಳಿ. ನಾನು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಒಬ್ಬರಿಗೆ ಎಂಟು ಪುಟ ಕಳಿಸಿದೆ. ಅವರು ವೆಬ್‌ಸೈಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಬಂತಂತೆ. ‘ನಿಮಗೆ ಕಂಪ್ಯೂಟರ್ ಬರುವುದಿಲ್ಲ’ ಅಂತ ಹೇಳಿ ಬಿಟ್ಟರು. ಬಹಳ ಬೇಸರ ಆಯಿತು.

ಕರಡುಕಣ್ಣು

ಮೇಷ್ಟ್ರೇ, ನಿಮ್ಮ ತಪ್ಪಲ್ಲ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟ್‌ಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ತಿಳಿಯುವ ಒಂದೇ ಅಕ್ಷರ ಸಂಕೇತ ಅಲ್ಲ. ಆ ಫಾಂಟ್ ಇಲ್ಲದ ಕಡೆ ಅಕ್ಷರ ಕಾಣುವುದಿಲ್ಲ, ಗೂಗಲ್‌ಗೂ ಅದು ಕನ್ನಡ ಅಂತ ತಿಳಿಯುವುದಿಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಒಂದು ನಿಮಿಷದ ಕೆಲಸ. ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ತಪ್ಪಬಹುದು, ಒಮ್ಮೆ ಓದಿ ನೋಡಬೇಕು ಅಷ್ಟೆ. ಹೊಸ ನುಡಿಯಲ್ಲಿ ಯೂನಿಕೋಡ್ ಆಯ್ಕೆಯೂ ಇದೆ, ಕೀಲಿಮಣೆ ಅದೇ, ನಿಮ್ಮ ಬೆರಳಿಗೆ ಹೊಸದು ಕಲಿಯಬೇಕಾಗಿಲ್ಲ. ನಿಮ್ಮ ಎಂಟು ಪುಟ ನನಗೆ ಕಳಿಸಿ, ನಾನು ಬದಲಿಸಿ ಕೊಡುತ್ತೇನೆ.

ಬರೆಸುವವರಿಗೆ ಒಂದು ಮಾತು. ಲೇಖನದ ವಿಳಾಸವನ್ನು, ಅಂದರೆ ಲಿಂಕನ್ನು, ಇಂಗ್ಲಿಷ್ ಅಕ್ಷರದಲ್ಲೇ ಚಿಕ್ಕದಾಗಿ ಇಡಿ. ಕನ್ನಡದಲ್ಲಿ ಇಟ್ಟರೆ ವಾಟ್ಸಾಪ್‌ನಲ್ಲಿ ಹಂಚುವಾಗ ಎಷ್ಟೋ ಸಲ ಒಂದೊಂದು ಅಕ್ಷರ ಚಿಹ್ನೆಗೂ ಪರ್ಸೆಂಟ್ ಗುರುತು ಸೇರಿ ಒಂಬತ್ತು ಚಿಹ್ನೆ ಆಗಿ, ಮೂರು ಸಾಲಿನ ಬಾಲ ಬರುತ್ತದೆ. ಜನ ವೈರಸ್ ಅಂದುಕೊಂಡು ಒತ್ತುವುದಿಲ್ಲ.

ತೋಟದಮನೆ

ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಏನು ಮಾಡಿದೆ ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ಕೊಳೆ ರೋಗದ ಲೇಖನ ಮತ್ತೆ ಬರೆಸಿದೆ. ಈ ಸಲ ಬೇರೆ ರೀತಿ. ನಮ್ಮ ತೋಟಕ್ಕೆ ಔಷಧಿ ಹೊಡೆಯಲು ಬರುವ ಕೊನೆಗೌಡರು ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡುವವರು. ಅವರಿಗೆ ಬರೆಯಲು ಬರುವುದಿಲ್ಲ, ಹೇಳಲು ಬರುತ್ತದೆ. ಅಂಗಳದಲ್ಲಿ ಕೂರಿಸಿಕೊಂಡು ಫೋನಲ್ಲಿ ನಲವತ್ತು ನಿಮಿಷ ಮಾತು ರೆಕಾರ್ಡ್ ಮಾಡಿದೆ. ಮೈಲುತುತ್ತ ಬೇರೆ, ಸುಣ್ಣ ಬೇರೆ ಕರಗಿಸಬೇಕು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಬೇಕು, ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಆಮೇಲೆ ಸೊಂಟದ ಕತ್ತಿ ತೆಗೆದು ತೋರಿಸಿದರು. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹಿಡಿದಿದ್ದರೆ ಸುಣ್ಣ ಸಾಲದು, ಇನ್ನೂ ಹಾಕಬೇಕು. ಇದು ಪುಸ್ತಕದಲ್ಲೂ ಇದೆ ಅಂತ ಆಮೇಲೆ ತಿಳಿಯಿತು. ಆದರೆ ಅವರು ಕತ್ತಿ ಎತ್ತಿ ಬೆಳಕಿಗೆ ಹಿಡಿದು ನೋಡಿದ ರೀತಿ ಇದೆಯಲ್ಲ, ಅದರ ಫೋಟೋ ತೆಗೆದು ಲೇಖನಕ್ಕೆ ಹಾಕಿದ್ದೇನೆ.

ಆ ರೆಕಾರ್ಡಿಂಗ್, ಜೊತೆಗೆ ಸರ್ಚ್ ಕನ್ಸೋಲ್‌ನ ಪಟ್ಟಿ, ಎರಡನ್ನೂ ಧಾರವಾಡದಕ್ಕನಿಗೆ ಕಳಿಸಿದೆ. ಅವರು ಬರೆಯುವ ಮೊದಲು ಹನ್ನೊಂದು ಪ್ರಶ್ನೆ ವಾಪಸ್ ಕಳಿಸಿದರು. ‘ಮಳೆ ಬಿಡದಿದ್ದರೆ ಎರಡನೇ ಸಲ ಯಾವಾಗ ಹೊಡೆಯಬೇಕು’ ಅನ್ನುವುದು ಅದರಲ್ಲಿ ಒಂದು. ಜನರೂ ಅದನ್ನೇ ಹುಡುಕುತ್ತಿದ್ದರು, ಪಟ್ಟಿಯಲ್ಲಿ ಇತ್ತು, ನಾನು ಗಮನಿಸಿರಲಿಲ್ಲ. ಲೇಖನ 740 ಪದ ಬಂತು. ಅಕ್ಕನಿಗೆ 1,500, ಕೊನೆಗೌಡರಿಗೆ 600. ಅವರು ಬೇಡ ಅಂದರು, ‘ಮಾತಾಡಿದ್ದಕ್ಕೆ ದುಡ್ಡಾ’ ಅಂತ. ಅಪ್ಪ ಒತ್ತಾಯ ಮಾಡಿ ಕೊಟ್ಟರು. ಹಾಕುವ ಮೊದಲು ಅಪ್ಪ, ಕೊನೆಗೌಡರು ಇಬ್ಬರೂ ಕೇಳಿ ಒಪ್ಪಿದ್ದಾರೆ. ಒಪ್ಪಿಗೆ ಪಡೆದು, ಬರೆದ ಅಕ್ಕ, ಹೇಳಿದ ಕೊನೆಗೌಡರು ಇಬ್ಬರ ಹೆಸರೂ ಲೇಖನದ ಕೆಳಗೆ ಇದೆ.

ಗೂಗಲ್‌ನಲ್ಲಿ ಎಲ್ಲಿದೆ ಅಂತ ಈಗಲೇ ಹೇಳಲು ಆಗುವುದಿಲ್ಲ, ಇನ್ನೂ ಮೂರು ವಾರ ಆಗಿಲ್ಲ. ಆದರೆ ಸಿದ್ದಾಪುರದಿಂದ ಒಬ್ಬರು ಫೋನ್ ಮಾಡಿ, ಕತ್ತಿ ಅದ್ದಿ ನೋಡಿದೆ, ಕೆಂಪಗಾಯಿತು, ಸುಣ್ಣ ಎಷ್ಟು ಸೇರಿಸಲಿ ಅಂತ ಕೇಳಿದರು. ಫೋನನ್ನು ಅಪ್ಪನ ಕೈಗೆ ಕೊಟ್ಟೆ.

ಹೊಸಬರಹ ತಮ್ಮನಿಗೂ ಒಂದು ಲೇಖನ ಕೊಟ್ಟಿದ್ದೇನೆ, ವಿದ್ಯಾರ್ಥಿ ಬಸ್ ಪಾಸ್ ಬಗ್ಗೆ. ಅವನೇ ಅರ್ಜಿ ಹಾಕಿ ಪಡೆದವನು. ಅರ್ಧ ದುಡ್ಡು ಮೊದಲೇ ಹಾಕಿದ್ದೇನೆ.

ಮುಂದಿನದು ಪೌತಿ ಖಾತೆ. ಅದಕ್ಕೆ ವಿಎ (ಗ್ರಾಮ ಲೆಕ್ಕಿಗ) ಆಗಿ ನಿವೃತ್ತರಾದವರು ಯಾರಾದರೂ ಒಂದು ಗಂಟೆ ಮಾತಾಡಲು ಸಿಗುತ್ತಾರಾ? ಯಾವ ಜಿಲ್ಲೆ ಆದರೂ ಸರಿ. ಬರೆಯುವುದು ಬೇಡ, ಹೇಳಿದರೆ ಸಾಕು. ಲೇಖನ ಹೊರಗೆ ಬರುವ ಮೊದಲು ಓದಿ ತಿದ್ದಲು ಇನ್ನೊಂದು ಅರ್ಧ ಗಂಟೆ. ಎರಡೂ ಸೇರಿ 1,000 ಕೊಡುತ್ತೇನೆ. ಇಲ್ಲೇ ತಿಳಿಸಿ.